ಚಿನ್ನ ಜಾಲಿಸುವ ತಟ್ಟೆ

ಕೆಲವು ವರ್ಷಗಳ ಹಿಂದೆ ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಸಾಂದ್ರತೆಯ ಪಾಠಕ್ಕೆ ಹೊಸ ಪ್ರಯೋಗವೊಂದನ್ನು ತೋರಿಸಬೇಕೆಂದು ಹೊರಟಿದ್ದೆ. ಐದು ಕಿಲೋಗ್ರಾಂ ಹೊಳೆಮರಳಿಗೆ ಲೇತ್ ಅಂಗಡಿಯಿಂದ ತಂದ 20 ಗ್ರಾಂ ಹಿತ್ತಾಳೆ ಪುಡಿಯನ್ನು ಬೆರೆಸಿದೆ. ಹಿಟ್ಟು ಕಲಸುವ ಹೊಸ ಸ್ಟೀಲ್ ಪರಾತವೊಂದನ್ನು ಕೊಂಡು ತಂದು, ನೀರಿನ ತೊಟ್ಟಿಯ ಪಕ್ಕ ಕುಳಿತು, ಚಿನ್ನ ಅರಸುವವರು ಮಾಡುವಂತೆ ಮರಳನ್ನು ತೊಳೆಯತೊಡಗಿದೆ. ಮರಳಿನ ಸಾಂದ್ರತೆ ಸುಮಾರು 2.65, ಹಿತ್ತಾಳೆಯದು ಸುಮಾರು 8.4. ಹಿತ್ತಾಳೆ ತಳದಲ್ಲಿ ಉಳಿಯಲೇಬೇಕು ಎಂದು ಕಪ್ಪು ಹಲಗೆಯ ಮೇಲೆ ಮೊದಲೇ ಬರೆದಿದ್ದೆ. ಕೊನೆಗೆ ಒಣಗಿಸಿ ತೂಗಿದಾಗ ಸಿಕ್ಕಿದ್ದು 8 ಗ್ರಾಂ. ಉಳಿದ 12 ಗ್ರಾಂ ತೊಟ್ಟಿಯ ನೀರಿನ ಮೇಲೆ ಪೊರೆಯಾಗಿ ತೇಲುತ್ತ, ಹೊಳೆಯುತ್ತ ನನ್ನನ್ನು ಅಣಕಿಸುತ್ತಿತ್ತು.

ಹಿಂದಿನ ಸಾಲಿನಲ್ಲಿದ್ದ ಶಿಕ್ಷಕಿಯೊಬ್ಬರು ಎದ್ದು ಬಂದರು. "ಸಾರ್, ಪುಡಿಯಲ್ಲಿ ಎಣ್ಣೆಜಿಡ್ಡು ಇದೆ. ಮೊದಲು ಸೋಪಿನಪುಡಿ ಹಾಕಿ ಉಜ್ಜಬೇಕಿತ್ತು. ಆಮೇಲೆ ನೀವು ಪರಾತ ತಿರುಗಿಸಿದ್ದೇ ಹೆಚ್ಚಾಯಿತು. ಅಕ್ಕಿಯಲ್ಲಿ ಕಲ್ಲು ತೆಗೆಯುವಾಗ ಹಾಗೆ ತಿರುಗಿಸಿದರೆ ಕಲ್ಲೂ ಅನ್ನಕ್ಕೇ ಬರುತ್ತೆ" ಎಂದರು. ಮಿಕ್ಕ ಪುಡಿಯನ್ನು ಸೋಪಿನಲ್ಲಿ ತೊಳೆದು, ಮತ್ತೆ 20 ಗ್ರಾಂ ತೂಗಿ, ಅಷ್ಟೇ ಮರಳಿನಲ್ಲಿ ಅವರೇ ಮಾಡಿ ತೋರಿಸಿದರು. 17 ಗ್ರಾಂ ಸಿಕ್ಕಿತು. ನಾಲ್ಕು ಗ್ರಂಥಗಳನ್ನು ಓದಿ ಬಂದಿದ್ದ ನಾನು ಚಪ್ಪಾಳೆ ತಟ್ಟಿದೆ. ಈ ಲೇಖನಕ್ಕೆ ಮೂಲ ಆ 9 ಗ್ರಾಂಗಳ ವ್ಯತ್ಯಾಸ.

ಅವರು ಹೇಳಿದ ಕೆಲಸಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಜಾಲಿಸುವುದು. ಧಾನ್ಯವನ್ನು ನೀರಿನಲ್ಲಿ ಅಲುಗಾಡಿಸಿ, ಹಗುರವಾದುದನ್ನು ಮೇಲಿನಿಂದ ಹರಿಯಬಿಟ್ಟು, ಕಲ್ಲನ್ನು ತಳದಲ್ಲಿ ನಿಲ್ಲಿಸುವ ಕ್ರಿಯೆ ಇದು. "ಮನೆಯೆಲ್ಲ ಜಾಲಾಡಿದೆ, ಕೀಲಿಕೈ ಸಿಗಲಿಲ್ಲ" ಎನ್ನುವಾಗ ನಮಗೆ ಅರಿವಿಲ್ಲದೆಯೇ ಈ ತಟ್ಟೆಯನ್ನು ನೆನೆಯುತ್ತೇವೆ. ಹಳ್ಳದ ಮರಳನ್ನೂ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಹೀಗೆ ತೊಳೆದು ಚಿನ್ನ ತೆಗೆಯುತ್ತಿದ್ದವರೇ ಜಲಗಾರರು ಅಥವಾ ಜಾಲಗಾರರು. ಕುವೆಂಪು ಅವರ ನಾಟಕದಿಂದಾಗಿ ಬೀದಿ ಗುಡಿಸುವವ ಎಂಬ ಅರ್ಥವೇ ಇಂದು ನಮಗೆ ಪರಿಚಿತ. ಪದದ ಮೂಲದ ಚರ್ಚೆ ಭಾಷಾತಜ್ಞರಿಗಿರಲಿ. ಅಡುಗೆಮನೆಯಲ್ಲಿ ಕಲ್ಲು ಕಸವಾಗುತ್ತದೆ, ಜಾಲಗಾರನಿಗೆ ತಳದಲ್ಲಿ ಉಳಿದದ್ದೇ ಸಂಪತ್ತು. ಭೌತವಿಜ್ಞಾನಕ್ಕೆ ಎರಡೂ ಒಂದೇ.

ಕೋಲಾರದ ಚಿನ್ನವನ್ನು ಕಂಡುಹಿಡಿದವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಜಾನ್ ವಾರನ್ ಎಂದೋ ಲಾವೆಲ್ ಎಂದೋ ಉತ್ತರ ಬರುತ್ತದೆ. ನಡೆದುದೇನು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯದ ಗಡಿಗಳನ್ನು ಗುರುತಿಸುವ ಮೋಜಣಿ ಆರಂಭವಾಯಿತು. ಪೂರ್ವದ ಗಡಿಯಲ್ಲಿ ಕೆಲಸ ಮಾಡುತ್ತಿದ್ದ ಲೆಫ್ಟಿನೆಂಟ್ ವಾರನ್‌ನಿಗೆ 1802ರಲ್ಲಿ ಆ ಸೀಮೆಯ ಚಿನ್ನದ ಸುದ್ದಿ ಕಿವಿಗೆ ಬಿತ್ತು. ಆತ ಬಹುಮಾನ ಸಾರಿದ. ಊರಿಗಾಂ ಕಡೆಯ ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗಿಳಿದು ಕಲ್ಲು ಅಗೆಯುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ಮರದ ಹಲಗೆಯ ಮೇಲೆ ತೊಳೆಯುತ್ತಿದ್ದರು. ಹಾಗಿದ್ದ ಮೇಲೆ ವಾರನ್ ಕಂಡುಹಿಡಿದದ್ದು ಚಿನ್ನವನ್ನಲ್ಲ, ಚಿನ್ನ ತೆಗೆಯುತ್ತಿದ್ದ ಜನರನ್ನು. ಆತ ಅದನ್ನು ಬರೆದಿಟ್ಟ. ಆ ಬರವಣಿಗೆಯ ಬೆಲೆ ದೊಡ್ಡದೇ. ಆದರೆ ಉಪಕರಣ ಹಿಡಿದಿದ್ದ ಕೈಗಳ ಹೆಸರು ಎಲ್ಲಿಯೂ ಇಲ್ಲ.

ವಾರನ್‌ನ ಹೆಸರಿನಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಅಂಕಿಯೊಂದಿದೆ: ಸುಮಾರು 56 ಕಿಲೋಗ್ರಾಂ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂ. ಅಂದರೆ ಒಂದು ಟನ್ ಮಣ್ಣಿನಲ್ಲಿ ಸುಮಾರು 1.2 ಗ್ರಾಂ, ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಇಂಥ ಅಲ್ಪಾಂಶವನ್ನು ಯಾವ ರಾಸಾಯನಿಕವೂ ಇಲ್ಲದೆ, ಒಂದು ಹಲಗೆ ಮತ್ತು ನೀರಿನಿಂದ ಬೇರ್ಪಡಿಸಿ ಕಣ್ಣಿಗೆ ಕಾಣುವಂತೆ ಮಾಡುವುದೆಂದರೆ ಸಾಮಾನ್ಯವಲ್ಲ. ನಮ್ಮ ಕಾಲೇಜು ಪ್ರಯೋಗಾಲಯದ ಯಾವ ಉಪಕರಣದಿಂದಲೂ ಇದು ಆಗದು.

ಇದು ಸಾಧ್ಯವಾಗುವುದು ಹೇಗೆ? ಚಿನ್ನದ ಸಾಂದ್ರತೆ 19.3. ಬೆಣಚುಕಲ್ಲಿನ ಮರಳಿಗಿಂತ ಅದು ಸುಮಾರು 7.3 ಪಟ್ಟು ಭಾರ. ಆದರೆ ನೀರಿನೊಳಗೆ ಆರ್ಕಿಮಿಡೀಸನ ತತ್ತ್ವದಂತೆ ಎರಡೂ ತಾವು ಪಲ್ಲಟಗೊಳಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತವೆ. ಚಿನ್ನಕ್ಕೆ ಉಳಿಯುವುದು 18.3, ಮರಳಿಗೆ 1.65. ಈಗ ಅನುಪಾತ 11ಕ್ಕೆ ಏರಿತು. ನೀರು ಮಣ್ಣನ್ನು ತೊಳೆಯಲು ಮಾತ್ರವಲ್ಲ, ಭಾರದ ವ್ಯತ್ಯಾಸವನ್ನು ಹಿಗ್ಗಿಸಲೂ ಬೇಕು. ತಟ್ಟೆಯನ್ನು ನೀರೊಳಗೆ ಮುಳುಗಿಸಿಯೇ ಅಲುಗಾಡಿಸಬೇಕೆಂಬ ನಿಯಮದ ಹಿಂದಿನ ಲೆಕ್ಕ ಇದು.

ಕಣದ ಗಾತ್ರವೂ ಆಟಕ್ಕಿಳಿಯುತ್ತದೆ. ದೊಡ್ಡ ಕಣಗಳು ನೀರಿನಲ್ಲಿ ಬೀಳುವಾಗ ಅವುಗಳ ಅಂತಿಮ ವೇಗ, ನೀರಿನಲ್ಲಿನ ಸಾಂದ್ರತೆ ಮತ್ತು ವ್ಯಾಸಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಒಂದು ಮಿಲಿಮೀಟರಿನ ಚಿನ್ನದ ಕಣ ಎಷ್ಟು ಬೇಗ ಬೀಳುವುದೋ ಅಷ್ಟೇ ಬೇಗ 11 ಮಿಲಿಮೀಟರಿನ ಬೆಣಚುಕಲ್ಲೂ ಬೀಳುತ್ತದೆ. ಬಹಳ ಸಣ್ಣ ಕಣಗಳಿಗೆ ಸ್ಟೋಕ್ಸ್ ನಿಯಮ ಅನ್ವಯಿಸುತ್ತದೆ. ಅಲ್ಲಿ ವೇಗ ವ್ಯಾಸದ ವರ್ಗಕ್ಕೆ ಅನುಗುಣ. ಚಿನ್ನದ ಧೂಳಿನ ಜೊತೆ ಸಮನಾಗಿ ಬೀಳಲು ಮರಳಿನ ಕಣ ಕೇವಲ 3.3 ಪಟ್ಟು ದೊಡ್ಡದಿದ್ದರೆ ಸಾಕು. ಇದರಿಂದ ಎರಡು ವಿಷಯ ತಿಳಿಯುತ್ತವೆ. ತಟ್ಟೆಗೆ ಹಾಕುವ ಮೊದಲು ಮಣ್ಣನ್ನು ಜರಡಿ ಹಿಡಿದು ಕಣಗಳನ್ನು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ತರುವುದು ಒಳ್ಳೆಯದು. ಧೂಳಿನಂಥ ಚಿನ್ನ ಕೈತಪ್ಪುವುದು ಸೋಮಾರಿತನದಿಂದಲ್ಲ, ಸ್ನಿಗ್ಧತೆಯಿಂದ.

ಅಲುಗಾಟದ ಪಾತ್ರ ಇನ್ನೊಂದು ಬಗೆಯದು. ಒತ್ತಾಗಿ ಕೂತ ಮರಳಿನೊಳಕ್ಕೆ ಚಿನ್ನ ತಾನಾಗಿ ಇಳಿಯದು, ಕಣಗಳ ನಡುವೆ ಜಾಗವಾಗಬೇಕು. ಒತ್ತಾಗಿರುವ ಕಣಗಳ ರಾಶಿಯನ್ನು ಸರಿಸಿದರೆ ಅದು ಹಿಗ್ಗಲೇಬೇಕು ಎಂಬುದನ್ನು ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದ. ಸಮುದ್ರ ತೀರದಲ್ಲಿ ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಪಾದದ ಸುತ್ತ ಮರಳು ಒಣಗಿದಂತೆ ಬೆಳ್ಳಗಾಗುವುದನ್ನು ನೋಡಿದ್ದೀರಲ್ಲವೆ? ಹಿಗ್ಗಿದ ಸಂದುಗಳೊಳಕ್ಕೆ ನೀರು ಇಳಿದುಹೋಗುವುದೇ ಅದರ ಕಾರಣ. ತಟ್ಟೆಯನ್ನು ಅಕ್ಕಪಕ್ಕ ಜಗ್ಗಿದಾಗಲೂ ಹೀಗೆಯೇ ಸಂದುಗಳು ತೆರೆದು ಮುಚ್ಚಿ, ಭಾರದ ಕಣಗಳು ಮೆಟ್ಟಿಲು ಮೆಟ್ಟಿಲಾಗಿ ತಳಕ್ಕಿಳಿಯುತ್ತವೆ.

ಈ ತಟ್ಟೆ ಯಾವುದೋ ಒಂದು ದೇಶದ ಆವಿಷ್ಕಾರವಲ್ಲ. ಸ್ಕಾಟ್ಲೆಂಡಿನ ಮುಂಗೋ ಪಾರ್ಕ್ 1795ರಿಂದ 1797ರವರೆಗೆ ಪಶ್ಚಿಮ ಆಫ್ರಿಕದಲ್ಲಿ ಸಂಚರಿಸಿ, 1799ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಅಲ್ಲಿನ ಹೆಂಗಸರು ಸೋರೆ ಬುರುಡೆಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುವುದನ್ನು ವರ್ಣಿಸಿದ್ದಾನೆ. ಸಿಕ್ಕ ಪುಡಿಯನ್ನು ಅವರು ಹಕ್ಕಿಗರಿಯ ಟೊಳ್ಳು ಕೊಳವೆಯಲ್ಲಿ ತುಂಬಿಡುತ್ತಿದ್ದರು. ಊರಿಗಾಂಗೂ ಪಶ್ಚಿಮ ಆಫ್ರಿಕಕ್ಕೂ ನಡುವೆ ಯಾವ ಸಂಪರ್ಕವೂ ಇರಲಿಲ್ಲ, ಆದರೂ ಎರಡು ಕಡೆಯೂ ತೊಳೆಯುವ ಕೆಲಸ ಹೆಂಗಸರದೇ. ಧಾನ್ಯ ಕೇರಿ, ಜಾಲಿಸಿ ಪಳಗಿದ ಕೈಗಳಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ ಎಂಬುದು ನನ್ನ ಊಹೆ. ಯುರೋಪಿನಲ್ಲಿ ಅಗ್ರಿಕೋಲ 1556ರ ತನ್ನ ಲೋಹವಿದ್ಯೆಯ ಗ್ರಂಥದಲ್ಲಿ ಚಿನ್ನ ತೊಳೆಯುವ ಬೋಗುಣಿ, ದೋಣಿಗಳ ಚಿತ್ರಗಳನ್ನು ಕೊಟ್ಟಿದ್ದಾನೆ. ದಕ್ಷಿಣ ಅಮೆರಿಕದಲ್ಲಿ ಬಟೇಯ ಎಂಬ ಮರದ ತಟ್ಟೆ ಬಳಕೆಯಲ್ಲಿತ್ತು, ಇಂದಿಗೂ ಇದೆ. ಅದರ ತಳ ಚಪ್ಪಟೆಯಲ್ಲ, ಅಗಲವಾದ ಆಳವಿಲ್ಲದ ಶಂಕು. ಬ್ರೆಜಿಲಿನ ಗಣಿಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಕೈಯಲ್ಲಿ ಈ ತಟ್ಟೆ ಇತ್ತು.

ನಾವು ಸಿನಿಮಾಗಳಲ್ಲಿ ಕಾಣುವ ತಗಡಿನ ತಟ್ಟೆ ಪ್ರಸಿದ್ಧಿಗೆ ಬಂದದ್ದು ಅಮೆರಿಕದಲ್ಲಿ. 1848ರ ಜನವರಿ 24ರಂದು ಕ್ಯಾಲಿಫೋರ್ನಿಯದ ಕೊಲೋಮದಲ್ಲಿ ಸಟರ್‌ನ ಮರ ಕೊಯ್ಯುವ ಕಾರ್ಖಾನೆಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಚಿನ್ನದ ಚೂರು ಕಂಡ. ಆದರೆ ಅಲ್ಲಿದ್ದವರಿಗೆ ಅದನ್ನು ತೊಳೆದು ತೆಗೆಯುವ ವಿದ್ಯೆ ಗೊತ್ತಿರಲಿಲ್ಲ. ಮೊದಮೊದಲು ಚಾಕುವಿನಿಂದ ಬಂಡೆಯ ಬಿರುಕು ಕೆರೆದು ತೆಗೆಯುತ್ತಿದ್ದರು. ಜಾರ್ಜಿಯ ರಾಜ್ಯದಲ್ಲಿ 1829ರ ಸುಮಾರಿಗೆ ಚಿನ್ನದ ನೂಕುನುಗ್ಗಲು ನಡೆದಿತ್ತು. ಅಲ್ಲಿ ಪಳಗಿದ್ದ ಐಸಾಕ್ ಹಂಫ್ರಿ ಎಂಬಾತ 1848ರ ಮಾರ್ಚ್‌ನಲ್ಲಿ ಕೊಲೋಮಕ್ಕೆ ಬಂದು ತಟ್ಟೆಯನ್ನೂ, ತೊಟ್ಟಿಲಿನಂತೆ ತೂಗುವ ಪೆಟ್ಟಿಗೆಯನ್ನೂ ಬಳಸುವುದನ್ನು ತೋರಿಸಿದ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಅಲ್ಲಿಗೆ ಧಾವಿಸಿದರು. ಸ್ಯಾಮ್ ಬ್ರಾನನ್ ಎಂಬ ವ್ಯಾಪಾರಿ 20 ಸೆಂಟಿನ ತಟ್ಟೆಯನ್ನು 15 ಡಾಲರಿಗೆ ಮಾರಿದನೆಂದು ಹೇಳುತ್ತಾರೆ. ಮಣ್ಣು ತೊಳೆದವರಿಗಿಂತ ತಟ್ಟೆ ಮಾರಿದವನೇ ಶ್ರೀಮಂತನಾದ. ನೆಲದ ಮೂಲನಿವಾಸಿಗಳಂತೂ ರೋಗ, ಹಸಿವು, ಹತ್ಯೆಗಳಿಗೆ ಸಿಕ್ಕಿ ನಾಶವಾದರು.

ಈಗ ತಟ್ಟೆಯ ಆಯ್ಕೆಗೆ ಬರೋಣ. ಗಾರೆ ಕೆಲಸದ ಬಾಂಡ್ಲಿಯನ್ನು ನೆನಪಿಸಿಕೊಳ್ಳಿ. ಅದರ ತಳವನ್ನು ತಟ್ಟಿ ಚಪ್ಪಟೆ ಮಾಡಿ, ಹಿಡಿಗಳನ್ನು ಕಿತ್ತು, ಗೋಡೆಯನ್ನು ನೇರ ಇಳಿಜಾರಾಗಿಸಿದರೆ ಹೆಚ್ಚುಕಡಿಮೆ ಚಿನ್ನದ ತಟ್ಟೆಯೇ. ದೊಡ್ಡದೆಂದರೆ ಬಾಯಿಯ ವ್ಯಾಸ 40 ಸೆಂಟಿಮೀಟರ್, ತಳದ್ದು 26, ಆಳ 6. ಇದರಲ್ಲಿ ಸುಮಾರು 5.2 ಲೀಟರ್ ಹಿಡಿಯುತ್ತದೆ. ಒದ್ದೆ ಮರಳಾದರೆ ಸುಮಾರು 10 ಕಿಲೋಗ್ರಾಂ. ಬಗ್ಗಿ ಕುಳಿತು ದಿನಕ್ಕೆ 50 ಸಲ ಇದನ್ನು ತೊಳೆದರೂ ಮುಗಿಯುವುದು ಕಾಲು ಘನಮೀಟರ್ ಮಾತ್ರ. ಹೊಸಬರು 35 ಸೆಂಟಿಮೀಟರಿನದನ್ನೋ ಇನ್ನೂ ಚಿಕ್ಕದನ್ನೋ ಹಿಡಿಯುವುದು ಲೇಸು. ದೊಡ್ಡ ತಟ್ಟೆಯಿಂದ ಹೆಚ್ಚು ಚಿನ್ನ ಎಂಬ ಲೆಕ್ಕ ಸೊಂಟ ನೋಯುವವರೆಗೆ ಮಾತ್ರ ಸರಿ.

ಗೋಡೆಯ ಇಳಿಜಾರು 35ರಿಂದ 45 ಡಿಗ್ರಿಗಳ ನಡುವೆ ಇರುತ್ತದೆ. ತೀರ ಮಲಗಿದ್ದರೆ ನೀರಿನ ಜೊತೆ ಚಿನ್ನವೂ ಜಾರುತ್ತದೆ, ತೀರ ನಿಂತಿದ್ದರೆ ಮರಳು ಹೊರಡುವುದಿಲ್ಲ. ತಳ ಮತ್ತು ಗೋಡೆ ಕೂಡುವ ಮೂಲೆ ಸ್ಪಷ್ಟವಾಗಿರಬೇಕು, ಚಿನ್ನ ನಿಲ್ಲುವುದು ಅಲ್ಲಿಯೇ. ನನ್ನ ಪರಾತದ ಮೂಲೆ ದುಂಡಗಿತ್ತು, ಮೈ ಕನ್ನಡಿಯಂತಿತ್ತು. ಹಳೆಯ ಅನುಭವಿಗಳು ಹೊಸ ಉಕ್ಕಿನ ತಟ್ಟೆಯನ್ನು ಬೆಂಕಿಯ ಮೇಲೆ ಕಾಯಿಸಿ ನೀಲಿಗಪ್ಪಾಗಿಸುತ್ತಿದ್ದರು. ಜಿಡ್ಡು ಸುಟ್ಟುಹೋಗುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಹಳದಿ ಎದ್ದು ಕಾಣುತ್ತದೆ. ಅದೇ ತಟ್ಟೆಯಲ್ಲಿ ಹಂದಿಮಾಂಸ ಹುರಿಯುತ್ತಿದ್ದವರು ಮರುದಿನ ಮತ್ತೆ ಸುಡಬೇಕಾಗುತ್ತಿತ್ತು.

ಜಿಡ್ಡಿಗೆ ಇಷ್ಟು ಹೆದರುವುದೇಕೆ? ಒಂದು ಮಿಲಿಮೀಟರ್ ಚೌಕದ, 0.05 ಮಿಲಿಮೀಟರ್ ದಪ್ಪದ ಚಿನ್ನದ ಹಾಳೆಯ ತುಣುಕನ್ನು ಊಹಿಸಿಕೊಳ್ಳಿ. ಅದರ ತೂಕ ಸುಮಾರು ಒಂದು ಲಕ್ಷದ ಒಂದು ಪಾಲು ನ್ಯೂಟನ್. ಅದರ ನಾಲ್ಕು ಅಂಚುಗಳ ಮೇಲೆ ನೀರಿನ ಮೇಲ್ಮೈ ಎಳೆತ ಒಡ್ಡಬಹುದಾದ ಬಲ ಇದರ 30 ಪಟ್ಟು. ತುಣುಕು ಜಿಡ್ಡಾಗಿದ್ದು ನೀರಿಗೆ ಒದ್ದೆಯಾಗದಿದ್ದರೆ, ಚಿನ್ನವೂ ಎಲೆಯಂತೆ ತೇಲಿ ಹೋಗುತ್ತದೆ. ಒಂದು ಹನಿ ಸಾಬೂನು ಈ ಎಳೆತವನ್ನು ತಗ್ಗಿಸಿ, ಕಣವನ್ನು ಒದ್ದೆ ಮಾಡಿ ಮುಳುಗಿಸುತ್ತದೆ. ಶಿಕ್ಷಕಿಯ ಸೋಪಿನಪುಡಿಯ ರಹಸ್ಯ ಇಷ್ಟೇ.

1970ರ ದಶಕದಿಂದ ಪ್ಲಾಸ್ಟಿಕ್ ತಟ್ಟೆಗಳು ಹರಡಿದವು. ಇವು ಹಗುರ, ತುಕ್ಕು ಹಿಡಿಯವು. ಗೋಡೆಯ ಒಂದು ಪಕ್ಕದಲ್ಲಿ ಮೆಟ್ಟಿಲಿನಂಥ ಗೀರುಗಳನ್ನು ಅಚ್ಚಿನಲ್ಲೇ ಎರೆದಿರುವುದರಿಂದ ಕೈತಪ್ಪಿದರೂ ಭಾರದ ಕಣ ಅಲ್ಲಿ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಳದ ಕೆಳಗಿನಿಂದ ಅಯಸ್ಕಾಂತ ಆಡಿಸಿ ಮ್ಯಾಗ್ನೆಟೈಟಿನ ಕಪ್ಪು ಮರಳನ್ನು ಪಕ್ಕಕ್ಕೆಳೆಯಬಹುದು. ಉಕ್ಕಿನಲ್ಲಿ ಇದು ಆಗದು. ಅಚ್ಚಿನ ಎಣ್ಣೆ ಹೋಗುವಂತೆ ಹೊಸದನ್ನು ಮರಳು, ಸೋಪು ಹಾಕಿ ಉಜ್ಜಬೇಕು. ಆಯ್ಕೆ ನನ್ನದಾದರೆ ಕಲಿಯುವವರಿಗೆ ಹಸಿರು ಪ್ಲಾಸ್ಟಿಕ್ಕೇ ಸರಿ: ಅದರ ಮೇಲೆ ಹಳದಿ, ಕಪ್ಪು ಎರಡೂ ಬೇರೆಬೇರೆಯಾಗಿ ಕಾಣುತ್ತವೆ.

ಬಳಸುವ ಬಗೆ. ಮುಕ್ಕಾಲು ಭಾಗ ಮಣ್ಣು ತುಂಬಿ ನಿಂತ ಅಥವಾ ನಿಧಾನವಾಗಿ ಹರಿಯುವ ನೀರಿನಲ್ಲಿ ಮುಳುಗಿಸಿ. ಜೇಡಿಮಣ್ಣಿನ ಉಂಡೆಗಳನ್ನು ಕೈಯಿಂದ ಕಿವುಚಿ ಕರಗಿಸಿ. ಒಂದು ಉಂಡೆ ಉಳಿದರೂ ಅದು ಉರುಳಿಕೊಂಡು ಹೋಗುತ್ತ ಚಿನ್ನವನ್ನು ಅಂಟಿಸಿಕೊಂಡು ಹೋಗುತ್ತದೆ. ದಪ್ಪ ಕಲ್ಲುಗಳನ್ನು ತಟ್ಟೆಯೊಳಗೇ ತೊಳೆದು ಎಸೆಯಿರಿ. ಆಮೇಲೆ ತಟ್ಟೆಯನ್ನು ಸಮತಟ್ಟಾಗಿ ಹಿಡಿದು ಅಕ್ಕಪಕ್ಕ ಜೋರಾಗಿ ಜಗ್ಗಿ. ಇಲ್ಲಿ ನಾಚಿಕೆ ಬೇಡ, ನೀರಿನೊಳಗೆ ಚಿನ್ನ ಮೇಲೇಳುವುದಿಲ್ಲ. ಈಗ ಮುಂದಕ್ಕೆ ಬಾಗಿಸಿ, ಅಂಚನ್ನು ನೀರಿನಲ್ಲಿ ಅದ್ದಿ ಎತ್ತಿ, ಅಲೆ ಹಿಂದೆ ಸರಿಯುವಾಗ ಮೇಲಿನ ಪದರ ಮಾತ್ರ ಹೋಗುವಂತೆ ಮಾಡಿ. ನಾಲ್ಕೈದು ಸಲ ಆದ ಮೇಲೆ ಮತ್ತೆ ಸಮತಟ್ಟು ಮಾಡಿ ಜಗ್ಗಿ. ನಾನು ಮಾಡಿದ ತಪ್ಪು ಈ ಮರುಜಗ್ಗುವಿಕೆಯನ್ನು ಬಿಟ್ಟು, ಸಿನಿಮಾ ನಾಯಕನಂತೆ ಗರಗರ ತಿರುಗಿಸಿದ್ದು. ತಿರುಗುವ ನೀರು ಭಾರದ ಕಣಗಳನ್ನೂ ಎಬ್ಬಿಸಿ ಅಂಚಿಗೆ ಒಯ್ದಿತ್ತು. ಕೊನೆಗೆ ಒಂದೆರಡು ಚಮಚ ಕಪ್ಪು ಮರಳು ಉಳಿದಾಗ, ಬೊಗಸೆ ನೀರು ಹಾಕಿ ಮೆಲ್ಲಗೆ ಒಂದು ಸುತ್ತು ಕೊಟ್ಟರೆ ಹಗುರವಾದುದು ಮುಂದೆ ಸಾಗಿ, ಚಿನ್ನ ಬಾಲದಂತೆ ಹಿಂದೆ ಉಳಿಯುತ್ತದೆ. ತಟ್ಟೆಯನ್ನು ನೆರಳಿಗೆ ತನ್ನಿ. ಕಾಗೆಬಂಗಾರ ಬಿಸಿಲಿನಲ್ಲಷ್ಟೇ ಮಿನುಗುತ್ತದೆ, ಚಿನ್ನ ನೆರಳಿನಲ್ಲೂ ಹಳದಿಯೇ.

ತಟ್ಟೆ ಅಳತೆಯ ಉಪಕರಣವೂ ಹೌದು. 1896ರಲ್ಲಿ ಕೆನಡದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಿದಾಗ ನೆಲದ ಬೆಲೆಯನ್ನು ಹೇಳುತ್ತಿದ್ದುದು ತಟ್ಟೆಗೆ ಇಷ್ಟು ಸೆಂಟು ಎಂದು. ಹತ್ತು ಸೆಂಟು ಬಂದರೆ ಒಳ್ಳೆಯ ನೆಲ. ಅಂದಿನ ದರದಲ್ಲಿ ಅದು 0.15 ಗ್ರಾಂ ಚಿನ್ನ, ಟನ್ನಿಗೆ ಸುಮಾರು 15 ಗ್ರಾಂ. ವಾರನ್‌ನ ಅಂಕಿಯಂತೆ ಊರಿಗಾಂ ಮಣ್ಣಿನ ಒಂದು ದೊಡ್ಡ ತಟ್ಟೆಯಲ್ಲಿ ಇರಬಹುದಾದದ್ದು ಸುಮಾರು 12 ಮಿಲಿಗ್ರಾಂ. ಅರ್ಧ ಮಿಲಿಮೀಟರ್ ವ್ಯಾಸದ ಒಂಬತ್ತು ಕಣಗಳಷ್ಟು! ಕಣಗಳ ಸಂಖ್ಯೆ ಇಷ್ಟು ಚಿಕ್ಕದಾದಾಗ ಸಂಭಾವ್ಯತೆಯ ನಿಯಮ ಎದುರಾಗುತ್ತದೆ. ತಟ್ಟೆಗೆ ಸರಾಸರಿ ಎರಡು ಕಣ ಇರುವ ಮರಳಿನಲ್ಲಿಯೂ, ಪ್ವಾಸಾನ್ ಹಂಚಿಕೆಯ ಪ್ರಕಾರ, ನೂರರಲ್ಲಿ ಹದಿಮೂರು ಹದಿನಾಲ್ಕು ತಟ್ಟೆಗಳು ಬರಿದೇ ಇರುತ್ತವೆ. ಒಂದು ತಟ್ಟೆ ತೊಳೆದು ಇಲ್ಲಿ ಚಿನ್ನವಿಲ್ಲ ಎಂದು ತೀರ್ಮಾನಿಸಿದವನು ವಿಜ್ಞಾನಿಯಲ್ಲ. ಒಂದು ತಟ್ಟೆ ತೊಳೆದು ಗಣಿ ಕಂಪನಿ ತೆರೆದವನು ಇನ್ನೂ ಅಪಾಯಕಾರಿ.

ಈ ಅಳತೆಗೋಲನ್ನು ನಮ್ಮಲ್ಲಿ ಭೂವಿಜ್ಞಾನಿಗಳೂ ಎರವಲು ಪಡೆದರು. 1863ರಲ್ಲಿ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್, 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಚಿನ್ನದ ಶಿಲೆಗಳ ಬಗ್ಗೆ ಬರೆದ. ಅಲ್ಲಿನ ಜಾಲಗಾರರ ಮರದ ದೋಣಿ, ಪೊರಕೆ, ತಟ್ಟೆಗಳ ವಿವರ ಆ ಕಾಲದ ದಾಖಲೆಗಳಲ್ಲಿ ಉಳಿದಿದೆ. ಯಾವ ಹಳ್ಳದಲ್ಲಿ ಕಣ ಹೆಚ್ಚು ಎಂಬುದನ್ನು ನೋಡುತ್ತ ಮೇಲಕ್ಕೆ ಹೋದರೆ ಮೂಲ ಶಿಲೆ ಸಿಗುತ್ತದೆ ಎಂಬುದು ಇಂದಿಗೂ ಭೂಶೋಧನೆಯ ಒಂದು ಕ್ರಮ. ಇಂಥ ಹುಡುಕಾಟ ಕೆಲವೊಮ್ಮೆ ಬೇರೆಯದನ್ನೇ ಕೊಡುತ್ತದೆ: 1915ರಲ್ಲಿ ರಾಯಚೂರು ಸೀಮೆಯಲ್ಲಿ ಚಿನ್ನ ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಶಾಸನ.

ತಟ್ಟೆಯ ಕೆಲಸ ಅರ್ಧಕ್ಕೆ ನಿಂತಾಗ ಪಾದರಸ ಬರುತ್ತದೆ. ಕಪ್ಪು ಮರಳಿನಲ್ಲಿ ಸೇರಿಕೊಂಡ ಸಣ್ಣ ಚಿನ್ನವನ್ನು ತಾಳ್ಮೆಯಿಂದ ಬೇರ್ಪಡಿಸುವ ಬದಲು ಪಾದರಸ ಹಾಕಿ ಉಜ್ಜಿ, ಸಿಕ್ಕ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆವಿ ಮಾತ್ರ ಒಲೆಯ ಮುಂದೆ ಕುಳಿತವರ ಶ್ವಾಸಕೋಶಕ್ಕೆ, ಅಲ್ಲಿಂದ ನರಮಂಡಲಕ್ಕೆ ಹೋಗುತ್ತದೆ. ಮಿಕ್ಕದ್ದು ಹೊಳೆಯ ಮೀನುಗಳಿಗೆ. ಇಂದು ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದ ಅತಿ ದೊಡ್ಡ ಮೂಲ ಕಲ್ಲಿದ್ದಲಲ್ಲ, ಇಂಥ ಸಣ್ಣ ಚಿನ್ನದ ಗಣಿಗಾರಿಕೆ. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದ ಇದನ್ನು ತಗ್ಗಿಸುವಂತೆ ದೇಶಗಳನ್ನು ಕೇಳುತ್ತದೆ.

ಬದಲಿ ದಾರಿಯೊಂದು ಫಿಲಿಪೈನ್ಸಿನ ಬೆಂಗೆಟ್ ಪ್ರಾಂತದ ಗಣಿಗಾರರಲ್ಲಿ ದಶಕಗಳಿಂದ ಇದೆ. ತಟ್ಟೆಯಲ್ಲಿ ಇನ್ನೂ ಸೂಕ್ಷ್ಮವಾಗಿ ತೊಳೆದು, ಉಳಿದ ಪುಡಿಗೆ ಬಿಳಿಗಾರ ಸೇರಿಸಿ ಕರಗಿಸುತ್ತಾರೆ. ಬಿಳಿಗಾರ ಕಪ್ಪು ಮರಳಿನ ಆಕ್ಸೈಡುಗಳನ್ನು ತೆಳುವಾದ ಗಾಜಿನಂತೆ ಕರಗಿಸಿಕೊಳ್ಳುತ್ತದೆ, ಚಿನ್ನ ಹನಿಗೂಡಿ ತಳಕ್ಕಿಳಿಯುತ್ತದೆ. ನಮ್ಮ ಅಕ್ಕಸಾಲಿಗರ ಪೆಟ್ಟಿಗೆಯಲ್ಲಿ ಇದು ಯಾವಾಗಲೂ ಇದ್ದದ್ದೇ. ಷರತ್ತು ಒಂದೇ: ಪುಡಿಯಲ್ಲಿ ಚಿನ್ನದ ಪಾಲು ಹೆಚ್ಚಿರಬೇಕು, ಅಂದರೆ ಕೊನೆಯ ಒಂದೆರಡು ಚಮಚವನ್ನು ಜಾಲಿಸುವ ಕೈ ಪಳಗಿರಬೇಕು. ಶಿಬಿರದ ಆ ಶಿಕ್ಷಕಿಗೆ ಇದನ್ನು ಹೇಳಿದಾಗ, ಮೂರು ಗ್ರಾಂ ಕಳೆದುಹೋದದ್ದೆಲ್ಲಿ ಎಂದು ಅವರು ಇನ್ನೂ ತೊಟ್ಟಿಯ ಮರಳನ್ನೇ ನೋಡುತ್ತಿದ್ದರು.